ಕೂಸಿನ ನಡೆ, ಕೂಸಿನ ನುಡಿ

ಮಗುವೊಂದು ಹುಟ್ಟಿದ ಮನೆಯಲ್ಲಿ, ಗೋಡೆಯ ಮೇಲೆ ತೂಗುವ ಪಂಚಾಂಗವಲ್ಲದೆ ಬೇರೊಂದು ಪಂಚಾಂಗವೂ ಅಂದಿನಿಂದ ನಡೆಯತೊಡಗುತ್ತದೆ. ಕೂಸು ಮೊದಲು ಮುಖ ನೋಡಿ ನಕ್ಕ ದಿನ, ಬೋರಲು ಬಿದ್ದ ದಿನ, ಆಸರೆಯಿಲ್ಲದೆ ಕುಳಿತ ದಿನ, ಅಂಬೆಗಾಲಿಟ್ಟು ಹೊಸ್ತಿಲು ದಾಟಿದ ದಿನ, ತಪ್ಪು ಹೆಜ್ಜೆಯಿಟ್ಟ ದಿನ, 'ಅಮ್ಮ' ಎಂದು ಕರೆದ ದಿನ, ಇವೇ ಆ ಪಂಚಾಂಗದ ಹಬ್ಬಗಳು. ನಮ್ಮ ಹಿರಿಯರು ಇವುಗಳಲ್ಲಿ ಕೆಲವನ್ನು ಸಂಸ್ಕಾರಗಳೊಡನೆಯೇ ಹೆಣೆದಿಟ್ಟರು. ಆರನೆಯ ತಿಂಗಳಿನ ಹೊತ್ತಿಗೆ ಅನ್ನಪ್ರಾಶನವೆಂದು ಗೊತ್ತುಮಾಡಿದವರು, ಆ ಹೊತ್ತಿಗೆ ಮಗುವಿನ ಕತ್ತು ನಿಂತು ಮಡಿಲಲ್ಲಿ ಕುಳಿತುಕೊಳ್ಳಬಲ್ಲದೆಂಬುದನ್ನು ಕಂಡೇ ಹಾಗೆ ಮಾಡಿರಬೇಕು. ಮಗು ಹೊಸ್ತಿಲು ದಾಟಿತೆಂದರೆ ಹೊಸ್ತಿಲಿಗೆ ಪೂಜೆಮಾಡಿ ನೆರೆಹೊರೆಗೆ ಸಿಹಿ ಹಂಚುವ ಪದ್ಧತಿ ಇಂದಿಗೂ ಅನೇಕ ಮನೆಗಳಲ್ಲಿ ಉಳಿದುಬಂದಿದೆ.

ಆದರೆ ಈ ಹಬ್ಬದ ಪಂಚಾಂಗವೇ ಚಿಂತೆಯ ಪಂಚಾಂಗವೂ ಆಗುವುದುಂಟು. ಎದುರು ಮನೆಯ ಮಗು ಹತ್ತು ತಿಂಗಳಿಗೆ ನಡೆಯಿತು, ನಮ್ಮ ಮಗುವಿಗೆ ವರ್ಷ ತುಂಬಿದರೂ ನಿಲ್ಲಲೊಲ್ಲದು. ನಾದಿನಿಯ ಮಗಳು ಪಟಪಟನೆ ಮಾತನಾಡುತ್ತಾಳೆ, ನಮ್ಮವನು ಒಂದು ನುಡಿಯನ್ನೂ ಆಡಲಿಲ್ಲ. ಹೀಗೆ ತಾಯಿಯ ಮನಸ್ಸು ಒಳಗೊಳಗೇ ಕುದಿಯುತ್ತದೆ. ಇಂಥ ಸಮಯದಲ್ಲಿ ಅವಳಿಗೆ ದೊರೆಯುವ ಬುದ್ಧಿವಾದಗಳು ಎರಡು ಬಗೆಯವು. "ಇನ್ನೂ ನಡೆಯಲಿಲ್ಲವೇ? ಏನೋ ದೋಷವಿರಬೇಕು" ಎಂದು ಹೆದರಿಸುವವರು ಕೆಲವರು. "ಎಲ್ಲಾ ತಾನಾಗಿ ಬರುತ್ತದೆ, ತಾಳಿದವನು ಬಾಳಿಯಾನು, ಅವರ ಅಜ್ಜನಿಗೂ ಮಾತು ತಡವಾಗಿಯೇ ಬಂದದ್ದು" ಎಂದು ಸಮಾಧಾನ ಹೇಳುವವರು ಇನ್ನು ಕೆಲವರು.

ಈ ಎರಡು ಮಾತುಗಳಲ್ಲಿಯೂ ಸತ್ಯಾಂಶವಿದೆ. ಆದರೆ ಅವುಗಳನ್ನು ಪ್ರಯೋಗಿಸುವ ಸ್ಥಳವನ್ನು ನಾವು ಅದಲುಬದಲು ಮಾಡಿಕೊಂಡಿದ್ದೇವೆ. ನಡೆಯ ವಿಷಯದಲ್ಲಿ, ತಾಳಬೇಕಾದ ಕಡೆ, ನಾವು ಆತುರಪಡುತ್ತೇವೆ. ನುಡಿಯ ವಿಷಯದಲ್ಲಿ, ಆತುರಪಡಬೇಕಾದ ಕಡೆ, ತಾಳಿಕೊಂಡು ಕುಳಿತಿರುತ್ತೇವೆ. ಮೊದಲನೆಯ ತಪ್ಪಿನಿಂದ ತಾಯಿಯ ನೆಮ್ಮದಿ ಕೆಡುವುದು. ಎರಡನೆಯ ತಪ್ಪಿನಿಂದ ಮಗುವಿನ ಬಾಳೇ ಕೆಡಬಹುದು. ಇದು ಹೇಗೆಂಬುದನ್ನು ಗೃಹಸ್ಥರಾದ ವಾಚಕರ ಮುಂದೆ ವಿಶದಪಡಿಸುವುದೇ ಈ ಲೇಖನದ ಉದ್ದೇಶ.

ತಿಥಿಯಲ್ಲ, ಅವಧಿ

ಮಗು ಇಷ್ಟನೆಯ ತಿಂಗಳಿಗೆ ಇಂಥದನ್ನು ಮಾಡಬೇಕೆಂಬ ಪಟ್ಟಿಗಳನ್ನು ನಾವೆಲ್ಲರೂ ನೋಡಿದ್ದೇವೆ. ಅವುಗಳಲ್ಲಿ ಹಲವುಗಳ ಮೂಲ, ಅಮೆರಿಕೆಯ ಯೇಲ್ ವಿಶ್ವವಿದ್ಯಾನಿಲಯದಲ್ಲಿ ಆರ್ನಾಲ್ಡ್ ಗೆಸೆಲ್ ಎಂಬ ವೈದ್ಯರು ೧೯೧೧ರಿಂದ ಮುಂದಕ್ಕೆ ದಶಕಗಳ ಕಾಲ ಶಿಶುಗಳನ್ನು ನೋಡಿ ನೋಡಿ ಬರೆದಿಟ್ಟ ವಿವರಗಳಲ್ಲಿದೆ. ನಮ್ಮ ದೇಶದಲ್ಲಿಯೂ ಬರೋಡೆಯಲ್ಲಿ ಭಾರತೀಯ ಶಿಶುಗಳಿಗೆ ತಕ್ಕ ಅಳತೆಗೋಲುಗಳು ಸಿದ್ಧವಾದುವು. ತಿರುವನಂತಪುರದ ಶಿಶು ಅಭಿವೃದ್ಧಿ ಕೇಂದ್ರದವರು ಹದಿನೇಳೇ ಅಂಶಗಳುಳ್ಳ ಸರಳವಾದ ತಃಖ್ತೆಯೊಂದನ್ನು, ಹಳ್ಳಿಯ ಕಾರ್ಯಕರ್ತೆಯರೂ ಉಪಯೋಗಿಸುವಂತೆ, ಏರ್ಪಡಿಸಿದರು. ಇವೆಲ್ಲ ಒಳ್ಳೆಯ ಸಾಧನಗಳೇ. ಆದರೆ ಇವುಗಳನ್ನು ಓದುವ ಕ್ರಮವನ್ನು ತಿಳಿಯದೆ ಓದಿದರೆ ಕಷ್ಟ.

ಉದಾಹರಣೆಗೆ, 'ಹನ್ನೆರಡನೆಯ ತಿಂಗಳು: ನಡೆಯುವುದು' ಎಂದು ಬರೆದಿದೆಯೆನ್ನಿರಿ. ಇದರ ಅರ್ಥವೇನು? ಹನ್ನೆರಡು ತಿಂಗಳು ತುಂಬಿದ ಎಲ್ಲ ಮಕ್ಕಳೂ ನಡೆಯುತ್ತಾರೆಂದಲ್ಲ. ಸರಾಸರಿಯಲ್ಲಿ ಆ ಹೊತ್ತಿಗೆ ನಡೆಯುತ್ತಾರೆಂದಷ್ಟೆ. ಸರಾಸರಿಯೆಂದಮೇಲೆ, ಹೆಚ್ಚುಕಡಮೆ ಅರ್ಧದಷ್ಟು ಮಕ್ಕಳು ಅದಕ್ಕೆ ಹಿಂದಾಗಿಯೇ ಇರಬೇಕಷ್ಟೆ! ನೂರು ಮಂದಿ ಆರೋಗ್ಯವಂತ ಮಕ್ಕಳ ತಾಯಂದಿರು ಈ ಸಾಲನ್ನು ಓದಿದರೆ, ಅವರಲ್ಲಿ ಐವತ್ತು ಮಂದಿಗೆ ನಿಷ್ಕಾರಣವಾಗಿ ನಿದ್ರೆ ಕೆಡುವುದು. ಈ ತೊಡಕನ್ನು ಮನಗಂಡೇ ಅಮೆರಿಕೆಯ ರೋಗನಿಯಂತ್ರಣ ಕೇಂದ್ರದವರು ೨೦೨೨ರಲ್ಲಿ ತಮ್ಮ ಪಟ್ಟಿಯನ್ನು ತಿದ್ದಿ, ನೂರಕ್ಕೆ ಎಪ್ಪತ್ತೈದು ಅಥವಾ ಹೆಚ್ಚು ಮಕ್ಕಳು ಯಾವ ವಯಸ್ಸಿಗೆ ಆ ಕೆಲಸವನ್ನು ಮಾಡಬಲ್ಲರೋ ಆ ವಯಸ್ಸನ್ನೇ ಬರೆಯತೊಡಗಿದರು.

ಇದಕ್ಕಿಂತಲೂ ಹೆಚ್ಚು ಸಮಾಧಾನವನ್ನು ಕೊಡತಕ್ಕ ಪರಿಶೀಲನೆಯೊಂದುಂಟು. ವಿಶ್ವ ಆರೋಗ್ಯ ಸಂಸ್ಥೆಯವರು ಘಾನಾ, ಭಾರತ, ನಾರ್ವೆ, ಒಮಾನ್, ಅಮೆರಿಕ ಎಂಬ ಐದು ದೇಶಗಳಲ್ಲಿ ಒಟ್ಟು ೮೧೬ ಆರೋಗ್ಯವಂತ ಮಕ್ಕಳ ಕುಳಿತ, ನಿಂತ, ನಡೆದ ದಿನಗಳನ್ನು ಬರೆದಿರಿಸಿ, ಫಲಿತಾಂಶವನ್ನು ೨೦೦೬ರಲ್ಲಿ ಪ್ರಕಟಿಸಿದರು. ಭಾರತದ ಮಕ್ಕಳು ದಕ್ಷಿಣ ದೆಹಲಿಯವರು. ಅವರು ತಿಥಿಯನ್ನು ಹೇಳದೆ ಅವಧಿಯನ್ನು ಹೇಳಿದುದೇ ಈ ಕಾರ್ಯದ ವೈಶಿಷ್ಟ್ಯ. ಆಸರೆಯಿಲ್ಲದೆ ಕುಳಿತುಕೊಳ್ಳುವುದು ೩.೮ ತಿಂಗಳಿನಿಂದ ೯.೨ ತಿಂಗಳಿನೊಳಗೆ, ಅಂಬೆಗಾಲಿಡುವುದು ೫.೨ರಿಂದ ೧೩.೫ರೊಳಗೆ, ತಾನಾಗಿ ನಿಲ್ಲುವುದು ೬.೯ರಿಂದ ೧೬.೯ರೊಳಗೆ, ತಾನಾಗಿ ನಡೆಯುವುದು ೮.೨ರಿಂದ ೧೭.೬ರೊಳಗೆ. ಒಂದೇ ಬಗೆಯಾಗಿ ಆರೋಗ್ಯವಂತರಾದ ಇಬ್ಬರು ಮಕ್ಕಳಲ್ಲಿ ಒಬ್ಬನು ಎಂಟನೆಯ ತಿಂಗಳು ಕಳೆಯುತ್ತಲೇ ನಡೆದರೆ, ಇನ್ನೊಬ್ಬನು ಅದಕ್ಕಿಂತ ಒಂಬತ್ತು ತಿಂಗಳು ತಡೆದು ನಡೆಯಬಹುದು! ಮತ್ತೂ ಒಂದು ಸ್ವಾರಸ್ಯವೇನೆಂದರೆ, ಆ ಮಕ್ಕಳಲ್ಲಿ ನೂರಕ್ಕೆ ನಾಲ್ಕಕ್ಕಿಂತ ತುಸು ಹೆಚ್ಚು ಮಂದಿ ಅಂಬೆಗಾಲನ್ನು ಇಡಲೇ ಇಲ್ಲ; ಬೇರೆ ಬಗೆಯಲ್ಲಿ ತೆವಳಿಯೋ ನೇರವಾಗಿ ಎದ್ದು ನಿಂತೋ ಮುಂದೆ ನಡೆದರು.

ಐದು ಬೆರಳೂ ಸಮನಾಗಿಲ್ಲವೆಂಬ ಗಾದೆಯನ್ನು ನಾವು ಬಾಯಲ್ಲಿ ಹೇಳುತ್ತೇವೆ. ತೊಟ್ಟಿಲಿನ ಬಳಿಗೆ ಬಂದಾಗ ಮರೆತುಬಿಡುತ್ತೇವೆ.

ನಡೆಯ ವಿಷಯ

ಮಗು ಬೇಗ ನಡೆಯಲೆಂಬ ಆಸೆಯಿಂದ ಮಾಡುವ ಉಪಚಾರಗಳಲ್ಲಿ ಕೆಲವು ನಿರುಪಯುಕ್ತ, ಕೆಲವು ಅಪಾಯಕರ. ಸುತ್ತಲೂ ಚಕ್ರಗಳಿದ್ದು ನಡುವೆ ಮಗುವನ್ನು ಕೂರಿಸುವ 'ವಾಕರ್' ಎಂಬ ಸಾಧನವನ್ನು ಅಂಗಡಿಗಳಲ್ಲಿ ಕಾಣಬಹುದು. ಅದರಲ್ಲಿ ಕುಳಿತ ಮಗು ತುದಿಗಾಲಿನಿಂದ ನೆಲವನ್ನು ಮೀಟುತ್ತ ಸರಿಯುವುದೇ ಹೊರತು, ತನ್ನ ಭಾರವನ್ನು ತಾನು ಹೊರುವುದನ್ನು ಕಲಿಯುವುದಿಲ್ಲ. ನಡಿಗೆ ಇದರಿಂದ ಬೇಗ ಬರುವುದಿಲ್ಲ. ಮೇಲಾಗಿ ಮೆಟ್ಟಿಲಿನಿಂದ ಉರುಳಿ ಪೆಟ್ಟಾಗುವ ಭಯ. ಕೆನಡ ದೇಶದಲ್ಲಿ ೨೦೦೪ರಲ್ಲಿ ಇದರ ಮಾರಾಟವನ್ನೇ ನಿಷೇಧಿಸಿದರು. ನಮ್ಮ ಹಳೆಯ ಕಾಲದ, ಹಿಡಿದು ತಳ್ಳುವ ಮೂರು ಗಾಲಿಯ ಮರದ ಬಂಡಿಯ ಸಂಗತಿ ಬೇರೆ: ಅದರ ಹಿಂದೆ ಮಗು ತನ್ನ ಕಾಲ ಮೇಲೆಯೇ ನಿಲ್ಲಬೇಕು. ದೊಡ್ಡವರ ಕಣ್ಣಿದ್ದರೆ ಅದು ಒಳ್ಳೆಯ ಆಟಿಕೆ. ಎಲ್ಲಕ್ಕಿಂತ ಒಳ್ಳೆಯದು ಚಾಪೆ ಹಾಸಿದ ನೆಲ. ಎಚ್ಚರವಿರುವ ಹೊತ್ತಿನಲ್ಲಿ, ಹತ್ತಿರ ಕುಳಿತು, ಕೂಸನ್ನು ಹೊಟ್ಟೆಯ ಮೇಲೆ ಮಲಗಿಸಿ ಆಡಿಸಿದರೆ ಕತ್ತಿಗೂ ತೋಳಿಗೂ ಬಲ ಬರುವುದು. ನಿದ್ರೆಗೆ ಮಾತ್ರ ಬೆನ್ನ ಮೇಲೆಯೇ ಮಲಗಿಸತಕ್ಕದ್ದು.

ತಿಂಗಳು ತುಂಬದೆ ಹುಟ್ಟಿದ ಮಗುವಿನ ಲೆಕ್ಕವನ್ನು ಬೇರೆಯಾಗಿ ಮಾಡಬೇಕು. ನಾಲ್ವತ್ತು ವಾರಕ್ಕೆ ಹುಟ್ಟಬೇಕಾದ ಮಗು ಮೂವತ್ತೆರಡಕ್ಕೆ ಹುಟ್ಟಿದರೆ, ಎಂಟು ವಾರ, ಎಂದರೆ ಸುಮಾರು ಎರಡು ತಿಂಗಳು, ಮುಂದಾಗಿ ಬಂದಂತಾಯಿತು. ಅದಕ್ಕೆ ಹತ್ತು ತಿಂಗಳಾದಾಗ ಎಂಟು ತಿಂಗಳಿನ ಮಗುವಿನೊಡನೆ ಹೋಲಿಸುವುದು ನ್ಯಾಯ. ಎರಡು ವರ್ಷ ತುಂಬುವವರೆಗೂ ಹೀಗೆಯೇ ಕಳೆದು ನೋಡುವುದು ವೈದ್ಯರ ಪದ್ಧತಿ.

ಹಾಗಾದರೆ ನಡೆಯ ವಿಷಯದಲ್ಲಿ ಚಿಂತಿಸಬೇಕಾದುದೇ ಇಲ್ಲವೇ? ಉಂಟು. ಐದನೆಯ ತಿಂಗಳಾದರೂ ಕತ್ತು ನಿಲ್ಲದಿದ್ದರೆ, ಹತ್ತನೆಯ ತಿಂಗಳಿಗೂ ಕೂರದಿದ್ದರೆ, ಹದಿನೆಂಟನೆಯ ತಿಂಗಳಿಗೂ ನಡೆಯದಿದ್ದರೆ ವೈದ್ಯರಿಗೆ ತೋರಿಸಬೇಕು. ಮೈ ಬಡಿಗೆಯಂತೆ ಬಿಗಿಯಾಗಿರುವುದು, ಇಲ್ಲವೆ ಬಟ್ಟೆಯ ಗೊಂಬೆಯಂತೆ ಜೋಲುವುದು, ವರ್ಷ ತುಂಬುವ ಮೊದಲೇ ಒಂದೇ ಕೈಯನ್ನು ಉಪಯೋಗಿಸಿ ಇನ್ನೊಂದನ್ನು ಮುಷ್ಟಿಕಟ್ಟಿ ಇಟ್ಟುಕೊಳ್ಳುವುದು, ಇವು ತಾಳಿ ನೋಡತಕ್ಕ ಗುರುತುಗಳಲ್ಲ. ಹಸುಗೂಸಿನ ಕಾಮಾಲೆ ಬಹುದಿನ ಉಳಿದು, ಮಲಬದ್ಧತೆ, ಒಡಕು ದನಿಯ ಅಳು, ದಪ್ಪನಾದ ನಾಲಿಗೆ, ಸದಾ ನಿದ್ದೆ ಇವು ಕಂಡರೆ ಥೈರಾಯಿಡ್ ಗ್ರಂಥಿಯ ಕೊರತೆಯಿರಬಹುದು. ಹಿಮ್ಮಡಿಯಿಂದ ತೆಗೆದ ಒಂದೆರಡು ಹನಿ ರಕ್ತದಿಂದ ಅದನ್ನು ಹುಟ್ಟಿದ ವಾರದಲ್ಲಿಯೇ ಕಂಡುಹಿಡಿಯಬಹುದು. ಆಗಲೇ ಗುಳಿಗೆ ಕೊಡತೊಡಗಿದರೆ ಮಗುವಿನ ಬುದ್ಧಿ ಕುಂದದೆ ಉಳಿಯುವುದು. ತಿಂಗಳುಗಟ್ಟಲೆ ತಡವಾದರೆ ಕಳೆದುಹೋದುದು ಪೂರ್ತಿಯಾಗಿ ಮರಳುವುದಿಲ್ಲ.

ನುಡಿಗೆ ಮೊದಲು ಕಿವಿ

ಇನ್ನು ನುಡಿಯ ವಿಷಯಕ್ಕೆ ಬರೋಣ. ಒಂದು ಕೂಡುಕುಟುಂಬವನ್ನು ಕಲ್ಪಿಸಿಕೊಳ್ಳಿರಿ. ಮನೆಯಲ್ಲಿ ಇಬ್ಬರು ಸೊಸೆಯರು. ಇಬ್ಬರಿಗೂ ಒಂದೇ ಮಾಸದಲ್ಲಿ ಹುಟ್ಟಿದ ಗಂಡುಕೂಸುಗಳು. ಹಿರಿಯ ಸೊಸೆಯ ಮಗ ಹತ್ತು ತಿಂಗಳಿಗೆ ಮನೆಯೆಲ್ಲ ಓಡಾಡಿದನು. ಕಿರಿಯವಳ ಮಗ ಹದಿನಾಲ್ಕು ತಿಂಗಳಾದರೂ ಗೋಡೆಯನ್ನು ಬಿಡಲೊಲ್ಲನು. ಮನೆಯವರ ಕಣ್ಣೆಲ್ಲ ಈ ಕಿರಿಯವನ ಕಾಲುಗಳ ಮೇಲೆ. ನೀವುವ ಎಣ್ಣೆಗಳೆಷ್ಟು, ಕಟ್ಟುವ ಹರಕೆಗಳೆಷ್ಟು! ಓಡಾಡುವ ಮಗನಾದರೋ ಎಲ್ಲರ ಕಣ್ಮಣಿ. ದೀಪವನ್ನು ಕಂಡರೆ ಕೈ ಚಾಚುವನು, ಮುಖವನ್ನು ಕಂಡರೆ ನಗುವನು, ಇತರರು ಬಾಗಿಲಿಗೆ ಹೋದರೆ ತಾನೂ ಓಡುವನು. ಹಿಂದಿನಿಂದ ಕರೆದರೆ ಮಾತ್ರ ತಿರುಗುವುದಿಲ್ಲ. "ಭಾರಿ ಹಟಮಾರಿ" ಎಂದು ಅಜ್ಜಿಗೆ ಹೆಮ್ಮೆ. ಮಾತು ಬರಲಿಲ್ಲವಲ್ಲ ಎಂದರೆ, "ನಡೆ ಮೊದಲು ಬಂದವರಿಗೆ ನುಡಿ ತಡ" ಎಂಬ ಉತ್ತರ ಸಿದ್ಧವಾಗಿದೆ. ಹದಿನೈದನೆಯ ತಿಂಗಳಿಗೆ ಕಿರಿಯವನು ಗೋಡೆಯನ್ನು ಬಿಟ್ಟು ನಡೆದನು. ಅವನ ಕಥೆ ಅಲ್ಲಿಗೆ ಮುಗಿಯಿತು. ಹಿರಿಯವನನ್ನು ಎರಡೂವರೆ ವರ್ಷಕ್ಕೆ ವೈದ್ಯರ ಬಳಿಗೆ ಕರೆದೊಯ್ದರು. ಅವನಿಗೆ ಹುಟ್ಟಿನಿಂದಲೇ ಕಿವಿ ಕೇಳುತ್ತಿರಲಿಲ್ಲ.

ಇದು ಕಲ್ಪಿತ ಕಥೆಯಾದರೂ, ಇಂಥ ಕಥೆ ನಡೆಯುವ ಮನೆಗಳು ಅಪೂರ್ವವಲ್ಲ. ಹುಟ್ಟುವ ಸಾವಿರ ಮಕ್ಕಳಲ್ಲಿ ಒಂದೆರಡು ಮಕ್ಕಳಿಗಾದರೂ ಗಣನೀಯವಾದ ಶ್ರವಣದೋಷವಿರುವುದು. ರಕ್ತಸಂಬಂಧದಲ್ಲಿ ಮದುವೆಗಳು ನಡೆದುಬಂದ ಮನೆತನಗಳಲ್ಲಿ ಈ ಸಂಭವ ಹೆಚ್ಚು. ಸೋದರಮಾವನಿಗೋ ಅತ್ತೆಯ ಮಗನಿಗೋ ಹೆಣ್ಣು ಕೊಡುವ ವಾಡಿಕೆ ನಮ್ಮ ನಾಡಿನಲ್ಲಿ ಬಹುಕಾಲದಿಂದ ಇರುವುದರಿಂದ ಈ ಮಾತನ್ನು ನಾವು ವಿಶೇಷವಾಗಿ ಲಕ್ಷ್ಯದಲ್ಲಿಡಬೇಕು. ಗರ್ಭಿಣಿಗೆ ರುಬೆಲ್ಲ ಎಂಬ ಜ್ವರ ಬಂದಿದ್ದರೆ, ಮಗುವಿನ ಕಾಮಾಲೆ ವಿಪರೀತಕ್ಕೆ ಹೋಗಿದ್ದರೆ, ಹುಟ್ಟಿದಾಗ ತೂಕ ತೀರ ಕಡಮೆಯಿದ್ದರೆ, ಮಿದುಳಿನ ಪೊರೆಗೆ ಸೋಂಕು ತಗುಲಿದ್ದರೆ ಆಗಲೂ ಸಂಭವ ಹೆಚ್ಚು. ಸಂತೋಷದ ಸಂಗತಿಯೆಂದರೆ ರುಬೆಲ್ಲಕ್ಕೆ ಲಸಿಕೆಯಿದೆ. ದಡಾರ ರುಬೆಲ್ಲ ಲಸಿಕೆಯ ಆಂದೋಲನವು ದೇಶದಲ್ಲಿ ಮೊದಲು ಆರಂಭವಾದ ಪ್ರಾಂತಗಳಲ್ಲಿ ಕರ್ಣಾಟಕವೂ ಒಂದು, ೨೦೧೭ರಲ್ಲಿ.

ತಾಯಿಗೆ ಇದು ಮೊದಲೇ ಗೊತ್ತಾಗುವುದಿಲ್ಲವೇ ಎಂದು ಕೇಳಬಹುದು. ಗೊತ್ತಾಗದಿರುವುದಕ್ಕೆ ಬಲವಾದ ಕಾರಣವಿದೆ. ಕಿವುಡಾದ ಕೂಸೂ ಮೊದಲ ತಿಂಗಳುಗಳಲ್ಲಿ ಇತರ ಕೂಸುಗಳಂತೆಯೇ ಅಳುತ್ತದೆ, ನಗುತ್ತದೆ, 'ಊಂ', 'ಆ' ಎಂದು ದನಿಗೈಯುತ್ತದೆ. ಈ ದನಿಗಳು ಕೇಳಿ ಕಲಿತವುಗಳಲ್ಲ, ತಾವಾಗಿ ಹೊಮ್ಮುವಂಥವು. ವ್ಯತ್ಯಾಸವು ತೋರುವುದು ಆರನೆಯ ತಿಂಗಳು ಕಳೆದ ಮೇಲೆ. ಕೇಳುವ ಕೂಸು ಹತ್ತನೆಯ ತಿಂಗಳಿನ ಹೊತ್ತಿಗೆ 'ಬಬಬ', 'ದದದ', 'ಮಮಮ' ಎಂದು ವ್ಯಂಜನಗಳನ್ನು ಪೋಣಿಸುತ್ತದೆ. ಕೇಳದ ಕೂಸಿನ ದನಿಯಲ್ಲಿ ಈ ಪೋಣಿಕೆ ಆ ಹೊತ್ತಿಗೆ ಬರುವುದಿಲ್ಲ, ದನಿಯೇ ಕ್ರಮೇಣ ತಗ್ಗಿಹೋಗುವುದೂ ಉಂಟು. ಆದಕಾರಣ ವರ್ಷ ತುಂಬಿದರೂ ಈ ತೊದಲುಮಾಲೆ ಕಿವಿಗೆ ಬೀಳದಿದ್ದರೆ ಸುಮ್ಮನಿರಬಾರದು.

ತಟ್ಟೆಯನ್ನು ಬಡಿದು ನೋಡಿದೆವು, ಮಗು ಬೆಚ್ಚಿತು, ಕಿವಿ ಸರಿಯಾಗಿದೆ ಎಂದು ನಿರ್ಧರಿಸುವವರು ಬಹಳ. ಈ ಪರೀಕ್ಷೆ ಸಾಲದು. ನೆಲದ ಅದುರಿನಿಂದಲೋ, ನೆರಳಿನಿಂದಲೋ, ಗಾಳಿಯ ಸುಳಿವಿನಿಂದಲೋ ಮಗು ತಿರುಗಿರಬಹುದು. ಅಲ್ಲದೆ ಕಿವುಡಿನಲ್ಲಿಯೂ ತಾರತಮ್ಯವಿದೆ. ಬಾಗಿಲು ಬಡಿದ ಸದ್ದು, ಡೋಲಿನ ಸದ್ದು ಕೇಳಿದರೂ 'ಸ', 'ಶ', 'ತ', 'ಪ' ಮುಂತಾದ ಮೆಲುದನಿಯ ಅಕ್ಷರಗಳು ಕೇಳದಿರಬಹುದು. ಅಂಥ ಮಗುವಿಗೆ ಸದ್ದುಂಟು, ಮಾತಿಲ್ಲ. ಸದ್ದು ಕೇಳುವುದು ಬೇರೆ, ನುಡಿ ಕೇಳುವುದು ಬೇರೆ ಎಂಬುದನ್ನು ಹೆತ್ತವರು ಮರೆಯಲಾಗದು.

ನಿಶ್ಚಯವಾಗಿ ತಿಳಿಯುವುದಕ್ಕೆ ಯಂತ್ರದ ಪರೀಕ್ಷೆಯೇ ಆಗಬೇಕು. ಅದು ನೋವಿಲ್ಲದ್ದು. ಕೂಸು ನಿದ್ರಿಸುತ್ತಿರುವಾಗ ಕಿವಿಯಲ್ಲಿ ಸಣ್ಣದೊಂದು ಬಿರಡೆಯನ್ನಿಟ್ಟು ಮೆಲ್ಲನೆಯ ಸದ್ದುಗಳನ್ನು ಕೇಳಿಸುತ್ತಾರೆ. ಒಳಗಿವಿ ಸರಿಯಾಗಿದ್ದರೆ ಅದು ತಾನೂ ಅತಿ ಸೂಕ್ಷ್ಮವಾದ ಮಾರ್ದನಿಯನ್ನು ಹೊರಡಿಸುವುದು. ಯಂತ್ರವು ಅದನ್ನು ಗ್ರಹಿಸುವುದು. ಇದಕ್ಕೆ ಓ.ಎ.ಇ. ಪರೀಕ್ಷೆಯೆಂದು ಹೆಸರು, ಕೆಲವು ನಿಮಿಷಗಳ ಕೆಲಸ. ಇದರಲ್ಲಿ ಸಂದೇಹ ತೋರಿದರೆ ಶ್ರವಣನಾಡಿಯಿಂದ ಮಿದುಳಿನ ಬುಡದವರೆಗೆ ಸದ್ದಿನ ಸಂದೇಶ ಹರಿಯುವುದೇ ಎಂಬುದನ್ನು 'ಬೆರಾ' ಎಂಬ ಪರೀಕ್ಷೆಯಿಂದ ನೋಡುತ್ತಾರೆ. ಒಂದು ತಿಂಗಳೊಳಗೆ ಮೊದಲ ಪರೀಕ್ಷೆ, ಮೂರು ತಿಂಗಳೊಳಗೆ ನಿರ್ಣಯ, ಆರು ತಿಂಗಳೊಳಗೆ ಚಿಕಿತ್ಸೆಯ ಆರಂಭ, ಇದು ಈ ಶಾಸ್ತ್ರದವರು ಹಾಕಿಕೊಂಡ ಗಡುವು. ಇಷ್ಟು ಅವಸರವೇಕೆ? ಮಿದುಳಿನಲ್ಲಿ ನುಡಿಯ ನೆಲೆಯು ಮೊದಲ ಮೂರು ನಾಲ್ಕು ವರ್ಷಗಳಲ್ಲಿಯೇ ಹದಗೊಳ್ಳುವುದು. ಆ ಹದದಲ್ಲಿ ಬೀಜ ಬೀಳದಿದ್ದರೆ ಆಮೇಲೆ ಎಷ್ಟು ಮಳೆ ಬಂದರೇನು? ಅಮೆರಿಕೆಯ ಕೊಲರಾಡೊ ಪ್ರಾಂತದ ಮಕ್ಕಳನ್ನು ಕುರಿತು ೧೯೯೮ರಲ್ಲಿ ಪ್ರಕಟವಾದ ಪರಿಶೀಲನೆಯೊಂದರಲ್ಲಿ, ಆರು ತಿಂಗಳೊಳಗೆ ದೋಷ ಗೊತ್ತಾಗಿ ಉಪಚಾರ ಪಡೆದ ಮಕ್ಕಳ ಭಾಷಾಶಕ್ತಿಯು ತಡವಾಗಿ ಗೊತ್ತಾದವರಿಗಿಂತ ಸ್ಪಷ್ಟವಾಗಿ ಮೇಲಾಗಿದ್ದುದು ಕಂಡುಬಂದಿತು.

ಹುಟ್ಟಿದಾಗ ಕಿವಿ ಸರಿಯಾಗಿದ್ದ ಮಾತ್ರಕ್ಕೆ ಮುಂದೆಯೂ ಸರಿಯಾಗಿಯೇ ಇರುವುದೆಂದು ನಂಬುವಂತಿಲ್ಲ. ಮೇಲಿಂದ ಮೇಲೆ ಕಿವಿ ಸೋರುವುದು, ಮಿದುಳುಜ್ವರ, ವಂಶಪಾರಂಪರ್ಯ ಇವುಗಳಿಂದ ಆಮೇಲೂ ಕೆಡಬಹುದು. ಮಾತು ತಡವಾದಾಗಲೆಲ್ಲ ಮೊದಲು ಮಾಡಿಸಬೇಕಾದುದು ಕಿವಿಯ ಪರೀಕ್ಷೆ, ಹಿಂದೆ ಒಮ್ಮೆ ಮಾಡಿಸಿದ್ದರೂ ಸರಿಯೆ.

ಮನೆಮಾತಿನ ಸಮಾಧಾನಗಳು

ಮಾತು ತಡವಾದ ಮಗುವಿಗೆ ಬಜೆಯನ್ನು ತೇಯ್ದು ನಾಲಿಗೆಗೆ ಹಚ್ಚುವುದು ನಮ್ಮಲ್ಲಿ ಹಳೆಯ ರೂಢಿ. ಬಜೆಯಿಂದ ಮಾತು ಬರುವುದೆಂಬುದಕ್ಕೆ ಪ್ರಮಾಣವಿಲ್ಲ. ಎಳೆಯ ಹೊಟ್ಟೆಗೆ ಅದು ಸೇರಿ ವಾಂತಿಯಾಗುವುದೂ ಉಂಟು. ಆದರೆ ಅದರಿಂದ ಆಗುವ ದೊಡ್ಡ ನಷ್ಟವೆಂದರೆ ಕಾಲನಷ್ಟ: 'ಬಜೆ ಹಚ್ಚುತ್ತಿದ್ದೇವಲ್ಲ, ನೋಡೋಣ' ಎನ್ನುತ್ತ ಆರು ತಿಂಗಳು ಕಳೆದುಹೋಗುತ್ತದೆ.

ನಾಲಿಗೆಯ ಅಡಿಯ ಎಳೆ ಗಿಡ್ಡವಾಗಿರುವುದರಿಂದ ಮಾತು ಬರಲಿಲ್ಲವೆಂಬುದು ಇನ್ನೊಂದು ನಂಬಿಕೆ. ಅದರಿಂದ ಕೆಲವು ಅಕ್ಷರಗಳ ಉಚ್ಚಾರಣೆ ಅಸ್ಪಷ್ಟವಾದೀತು; ಮಾತೇ ಬಾರದಿರುವುದಿಲ್ಲ. ಮನೆಯಲ್ಲಿ ತುಳು, ಬೀದಿಯಲ್ಲಿ ಕನ್ನಡ, ಅಜ್ಜಿಯೊಡನೆ ಕೊಂಕಣಿ, ಹೀಗೆ ಎರಡು ಮೂರು ಭಾಷೆಗಳು ಕಿವಿಗೆ ಬಿದ್ದುದರಿಂದ ಮಗು ಮೂಕವಾಯಿತೆಂಬುದೂ ಸರಿಯಲ್ಲ. ಅಂಥ ಮಗು ಆರಂಭದಲ್ಲಿ ಭಾಷೆಗಳನ್ನು ಬೆರಸೀತು. ಆದರೆ ಎಲ್ಲ ಭಾಷೆಗಳ ಮಾತುಗಳನ್ನೂ ಕೂಡಿಸಿ ಎಣಿಸಿದರೆ ಅದು ಹಿಂದೆ ಬಿದ್ದಿರುವುದಿಲ್ಲ. ಗಂಡುಮಕ್ಕಳಿಗೆ ಮಾತು ಸ್ವಲ್ಪ ತಡವೆಂಬುದು ಒಟ್ಟಿನಲ್ಲಿ ನಿಜ. ಆದರೆ ಆ ಅಂತರ ಕೆಲವು ವಾರಗಳದು, ವರ್ಷಗಳದಲ್ಲ. ಇನ್ನು ತಡವಾಗಿ ಮಾತನಾಡಿದ ಅಜ್ಜನ ಕಥೆ: ಕೊನೆಗೆ ಮಾತು ಬಂದ ಅಜ್ಜಂದಿರ ಕಥೆಗಳು ಮಾತ್ರ ಮನೆಯಲ್ಲಿ ಉಳಿಯುತ್ತವೆ; ಬಾರದವರ ಕಥೆಯನ್ನು ಯಾರೂ ಹೇಳುವುದಿಲ್ಲ.

ಕೈಬೆರಳೂ ಚಂದಮಾಮನೂ

ಕಿವಿ ಸರಿಯಾಗಿದ್ದರೂ ನುಡಿ ತಡವಾಗುವುದುಂಟು. ಆಗ ನೋಡಬೇಕಾದುದು, ಮಗು ಮಾತಿಲ್ಲದೆ ಹೇಗೆ ವ್ಯವಹರಿಸುವುದೆಂಬುದನ್ನು. ಇದಕ್ಕೆ ನಮ್ಮ ತಾಯಂದಿರಲ್ಲಿ ಸೊಗಸಾದ ಸಾಧನವಿದೆ. ಅಂಗಳದಲ್ಲಿ ಮಗುವನ್ನು ಎತ್ತಿಕೊಂಡು ತುತ್ತಿಡುತ್ತ, "ಅಗೋ, ಚಂದಮಾಮ!" ಎಂದು ಬೆರಳು ತೋರಿಸುತ್ತಾರಲ್ಲವೇ? ಎಳೆಯ ಕೂಸು ಬೆರಳನ್ನೇ ನೋಡುತ್ತದೆ. ಒಂಬತ್ತು ಹತ್ತು ತಿಂಗಳಾಗುತ್ತ ಬೆರಳನ್ನು ಬಿಟ್ಟು, ಬೆರಳು ತೋರಿದ ಕಡೆಗೆ ಕಣ್ಣು ಹೊರಳಿಸುತ್ತದೆ. ವರ್ಷದ ಆಚೀಚೆಗೆ ತಾನೇ ಬೆರಳು ಚಾಚಿ ಚಂದ್ರನನ್ನು ತೋರಿ, ಅಮ್ಮ ನೋಡಿದಳೇ ಎಂದು ಅವಳ ಮುಖವನ್ನು ತಿರುಗಿ ನೋಡುತ್ತದೆ. ಈ ಕೊನೆಯ ನೋಟ ಮಹತ್ತ್ವದ್ದು. 'ನಾನು ಕಂಡುದನ್ನು ನೀನೂ ಕಾಣು' ಎಂಬ ಆಸೆಯೇ ಭಾಷೆಯ ತಾಯಿಬೇರು. ಮಾತು ಬಾರದಿದ್ದರೂ ಈ ಬೆರಳು, ಈ ನೋಟ, ಕೈಬೀಸುವಿಕೆ, ಕರೆದರೆ ತಿರುಗುವುದು, ಹೇಳಿದ್ದನ್ನು ತಿಳಿದು ತರುವುದು ಇವಿದ್ದರೆ ಧೈರ್ಯ ತಂದುಕೊಳ್ಳಬಹುದು. ಇವೇ ಇಲ್ಲದಿದ್ದರೆ, ಎಂದರೆ ವರ್ಷ ಕಳೆದರೂ ಹೆಸರಿಗೆ ಓಗೊಡದೆ, ಕಣ್ಣಿಗೆ ಕಣ್ಣು ಕೊಡದೆ, ಬೆರಳು ತೋರದೆ, ತನ್ನೊಳಗೆ ತಾನೇ ಇದ್ದುಬಿಡುವ ಮಗುವಾದರೆ, ಆಟಿಸಂ ಮುಂತಾದುವುಗಳ ಪರೀಕ್ಷೆಯೂ ಆಗಬೇಕು.

ತಡಮಾಡಬಾರದ ಉಳಿದ ಗುರುತುಗಳನ್ನು ಸಂಗ್ರಹವಾಗಿ ಹೇಳುತ್ತೇವೆ. ಮೂರು ತಿಂಗಳು ತುಂಬಿದರೂ ಮುಖ ನೋಡಿ ನಗದಿರುವುದು. ಹದಿನಾರು ತಿಂಗಳಾದರೂ ಅರ್ಥವುಳ್ಳ ಒಂದು ಮಾತೂ ಇಲ್ಲದಿರುವುದು. ಎರಡು ವರ್ಷವಾದರೂ 'ಅಮ್ಮ ಬಾ', 'ಹಾಲು ಬೇಕು' ಎಂಬಂತೆ ಎರಡು ಮಾತುಗಳನ್ನು ಕೂಡಿಸದಿರುವುದು. ಎಲ್ಲಕ್ಕಿಂತ ಮುಖ್ಯವಾದುದು, ಯಾವ ವಯಸ್ಸಿನಲ್ಲಿಯೇ ಆಗಲಿ, ಬಂದ ವಿದ್ಯೆ ಹೋಗುವುದು. ಕೂರುತ್ತಿದ್ದ ಮಗು ಕೂರಲಾರದಾದರೆ, ಆಡುತ್ತಿದ್ದ ಮಾತುಗಳು ಅಡಗಿಹೋದರೆ, ಆ ವಾರವೇ ವೈದ್ಯರನ್ನು ಕಾಣತಕ್ಕದ್ದು. ಬಿ ೧೨ ಎಂಬ ಜೀವಸತ್ತ್ವದ ಕೊರತೆಯಿರುವ ತಾಯಿಯ ಹಾಲೊಂದನ್ನೇ ಕುಡಿದು ಬೆಳೆದ ಕೂಸು ಹೀಗೆ ಹಿಂದಕ್ಕೆ ಸರಿಯುವುದುಂಟು. ಅದನ್ನು ಬೇಗ ಗುರುತಿಸಿದರೆ ಔಷಧವೂ ಸುಲಭ.

ಎಲ್ಲಿಗೆ ಹೋಗಬೇಕು?

ಗರ್ಭಿಣಿಯಾಗಿರುವಾಗ ಕೊಡುವ ತಾಯಿ ಕಾರ್ಡಿನಲ್ಲಿ ಮಗುವಿನ ಬೆಳವಣಿಗೆಯ ಹಂತಗಳನ್ನು ಚಿತ್ರಸಹಿತವಾಗಿ ಅಚ್ಚುಹಾಕಿರುತ್ತಾರೆ. ಲಸಿಕೆಯ ದಿನದ ಹೊರತು ಅದನ್ನು ತೆರೆಯುವವರು ವಿರಳ. ಮನೆಯ ಹತ್ತಿರದ ಅಂಗನವಾಡಿಯಲ್ಲಿಯೂ ಇದನ್ನು ವಿಚಾರಿಸಬಹುದು. ಈ ಅಂಗನವಾಡಿಗಳ ಯೋಜನೆಯು ದೇಶದಲ್ಲಿ ೧೯೭೫ರ ಗಾಂಧೀಜಯಂತಿಯಂದು ಮೊದಲಾದಾಗ ನಮ್ಮ ನಾಡಿನಲ್ಲಿ ಅದಕ್ಕೆ ಆರಿಸಿಕೊಂಡುದು ಮೈಸೂರು ಜಿಲ್ಲೆಯ ತಿರುಮಕೂಡಲು ನರಸೀಪುರವನ್ನು. ೨೦೧೩ರಿಂದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಡಿಯಲ್ಲಿ ವೈದ್ಯರ ತಂಡಗಳು ಅಂಗನವಾಡಿಗಳಿಗೇ ಬಂದು ಮಕ್ಕಳನ್ನು ನೋಡುತ್ತವೆ. ಸಂದೇಹವಿದ್ದವರನ್ನು ಜಿಲ್ಲಾ ಕೇಂದ್ರಗಳಿಗೆ ಕಳುಹಿಸುತ್ತವೆ.

ಶ್ರವಣ ಮತ್ತು ವಾಕ್ಕಿನ ವಿಷಯದಲ್ಲಿ ಕನ್ನಡಿಗರ ಭಾಗ್ಯ ದೊಡ್ಡದು. ೧೯೬೫ರಲ್ಲಿ ಸ್ಥಾಪಿತವಾದ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯು ಮೈಸೂರಿನ ಮಾನಸಗಂಗೋತ್ರಿಯಲ್ಲಿಯೇ ಇದೆ. ದೇಶದ ನಾನಾ ಕಡೆಗಳಿಂದ ಜನರು ಅಲ್ಲಿಗೆ ಬರುತ್ತಾರೆ. ಅಲ್ಲಿನ ಶಿಶುವಿಹಾರದಲ್ಲಿ ಮಕ್ಕಳೊಡನೆ ತಾಯಂದಿರೂ ಕುಳಿತು, ಕಲಿಸುವ ಬಗೆಯನ್ನು ತಾವೇ ಕಲಿಯುತ್ತಾರೆ. ಶ್ರವಣಯಂತ್ರವನ್ನು ಬೇಗ ತೊಡಿಸಿ, ಅದು ಸಾಲದಾದರೆ ಒಳಗಿವಿಯಲ್ಲಿ ಕಾಕ್ಲಿಯರ್ ಯಂತ್ರವನ್ನಿಡಿಸಿ, ತಾಯಿ ಹಗಲಿರುಳು ಮಾತನಾಡಿಸಿದರೆ ಕಿವುಡಾಗಿ ಹುಟ್ಟಿದ ಮಗುವೂ ಮಾತನಾಡಬಲ್ಲದು. ಸನ್ನೆಭಾಷೆಯ ಮಾರ್ಗವೂ ಉಂಟು. ಅದೂ ಪೂರ್ಣವಾದ ಭಾಷೆಯೇ. ಯಾವ ಭಾಷೆಯೂ ಇಲ್ಲದೆ ಮಗುವಿನ ಮೊದಲ ವರ್ಷಗಳು ಕಳೆಯುವುದೇ ಅನರ್ಥ.

ಮನೆಯವರ ಕರ್ತವ್ಯ

ಕೊನೆಯದಾಗಿ ಮನೆಯವರಿಗೆ ಎರಡು ಮಾತು. ಮಗುವಿಗೆ ನುಡಿ ಬರುವುದು ಯಂತ್ರದಿಂದಲ್ಲ, ಮನುಷ್ಯರಿಂದ. ಎರೆಯುವಾಗ, ಬಟ್ಟೆ ತೊಡಿಸುವಾಗ, ಉಣಿಸುವಾಗ ಮಾಡುತ್ತಿರುವ ಕೆಲಸವನ್ನೇ ಮಾತಾಗಿ ಹೇಳಿರಿ. ಹೇಳಿ ಸುಮ್ಮನಾಗಿರಿ, ಕೂಸು ತನ್ನ ದನಿಯಲ್ಲಿ ಉತ್ತರ ಕೊಡಲಿ. ಆ ದನಿಗೆ ನೀವು ಮರುದನಿ ಕೊಡಿರಿ. ಈ ಕೊಡುಕೊಳ್ಳುವಿಕೆಯಲ್ಲಿ ಭಾಷೆ ಹುಟ್ಟುತ್ತದೆ. ಉಣ್ಣಲೆಂದು ಮಗುವಿನ ಮುಂದೆ ಮೊಬೈಲಿನ ತೆರೆಯನ್ನು ಹಿಡಿಯುವುದು ಈಗಿನ ರೂಢಿ. ತೆರೆಯು ಮಾತನಾಡುವುದೇ ಹೊರತು ಉತ್ತರಕ್ಕಾಗಿ ಕಾಯುವುದಿಲ್ಲ. ಎರಡು ವರ್ಷದೊಳಗಿನ ಮಕ್ಕಳಿಗೆ ಅದು ಬೇಡವೆಂದೂ, ಎರಡರಿಂದ ನಾಲ್ಕು ವರ್ಷದವರಿಗೆ ದಿನಕ್ಕೆ ಒಂದು ಗಂಟೆ ಮೀರಬಾರದೆಂದೂ ವಿಶ್ವ ಆರೋಗ್ಯ ಸಂಸ್ಥೆಯು ೨೦೧೯ರಲ್ಲಿ ತಿಳಿಸಿದೆ.

ಎರಡನೆಯದು, ತಾಯಿಯ ಮೇಲೆ ಹೊರಿಸುವ ಅಪವಾದ. ಮಗು ನಡೆಯದಿದ್ದರೆ ತಾಯಿಯ ಪಥ್ಯ ತಪ್ಪಿತು, ಮಾತನಾಡದಿದ್ದರೆ ಗ್ರಹಣಕಾಲದಲ್ಲಿ ಹೊರಗೆ ಬಂದಳು ಎಂದು ಆಡಿಕೊಳ್ಳುವ ನಾಲಿಗೆಗಳು ಇನ್ನೂ ಇವೆ. ಇವುಗಳ ಭಯದಿಂದಲೇ ಎಷ್ಟೋ ಮಂದಿ ತಾಯಂದಿರು ತಾವು ಕಂಡುದನ್ನು ಬಾಯಿಬಿಟ್ಟು ಹೇಳುವುದಿಲ್ಲ. ಮಗುವನ್ನು ಹಗಲಿರುಳು ನೋಡುವವಳು ಅವಳು. ಏನೋ ಸರಿಯಿಲ್ಲವೆಂಬ ಅನುಮಾನ ಮೊದಲು ಬರುವುದೂ ಅವಳಿಗೇ. ಅವಳು ಅನುಮಾನಿಸಿದಾಗ ಗದರಿಸಿ ಸುಮ್ಮನಾಗಿಸುವ ಮನೆಯು ಕಾಲವನ್ನು ಕಳೆದುಕೊಳ್ಳುವುದು. ತಂದೆಯೂ ಒಡನೆ ಎದ್ದು, "ನಡೆ, ತೋರಿಸಿಕೊಂಡು ಬರೋಣ" ಎನ್ನುವ ಮನೆಯು ಗೆಲ್ಲುವುದು. ಪರೀಕ್ಷೆ ಮಾಡಿಸಿ ಏನೂ ಇಲ್ಲವೆಂದು ತಿಳಿದರೆ ಹೋದುದು ಒಂದು ದಿನ, ಬಂದುದು ನೆಮ್ಮದಿ. ಏನಾದರೂ ಇದೆಯೆಂದು ತಿಳಿದರೆ, ಆ ಒಂದು ದಿನದಿಂದ ಮಗುವಿಗೆ ದೊರೆತುದು ವರ್ಷಗಳು.

ನಡೆಯುವ ಕಾಲುಗಳಿಗೆ ಅವಕಾಶ ಕೊಡಿರಿ. ಅವು ತಮ್ಮ ಹೊತ್ತಿಗೆ ಹೊಸ್ತಿಲನ್ನು ದಾಟುತ್ತವೆ. ಕೇಳುವ ಕಿವಿಗಳನ್ನು ಮಾತ್ರ ಇಂದೇ ವಿಚಾರಿಸಿರಿ.